ದನಿ ಬೇಕು, ಅಧಿಕಾರ ಬೇಡ

ಎಲ್ಲರಿಗೂ ನಮಸ್ಕಾರ.

ನಮ್ಮ ಜನಪ್ರಿಯ ಸಂಗೀತದಲ್ಲಿ ಹೆಣ್ಣಿನ ದನಿಗೆ ಯಾವತ್ತೂ ಬರ ಇರಲಿಲ್ಲ. ಅವಳು ಹಾಡಬೇಕು, ಆದರೆ ಹಾಡು ಹೇಗಿರಬೇಕು ಅಂತ ಹೇಳಬಾರದು. ಏನಾದರೂ ಆದರೆ ದೂರಬಾರದು. ನೂರು ವರ್ಷಗಳಿಂದ ನಡೆದುಕೊಂಡು ಬಂದಿರುವುದು ಇದೇ.

1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದಾಗ ಗೌಹರ್ ಜಾನ್ ಹಾಡಿದರು. ಗಂಟೆಗಟ್ಟಲೆ ಹಾಡುವುದನ್ನು ಮೂರು ನಿಮಿಷದ ತಟ್ಟೆಗೆ ಹೊಂದಿಸುವುದು ಸುಲಭದ ಮಾತಲ್ಲ. ಆ ದಾರಿ ಹಾಕಿಕೊಟ್ಟವರಲ್ಲಿ ಅವರು ಮೊದಲಿಗರು. ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆ ಅವರಿಗೆ ಆಸರೆಯಾಯಿತು. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

‘ಮರ್ಯಾದಸ್ಥ’ ಮನೆಯ ಹೆಂಗಸರು ರೆಕಾರ್ಡಿಂಗಿಗೆ ಹಿಂಜರಿಯುತ್ತಿದ್ದ ಕಾಲ ಅದು. ಉತ್ತರ ಭಾರತದಲ್ಲಿ ಹಾಡಿ ಕುಣಿಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ತವಾಯಫರು, ದೇವದಾಸಿ ಮನೆತನದವರು ಹಾಡಿಯೇ ಈ ಉದ್ಯಮ ಬೆಳೆಯಿತು. ಆಮೇಲೆ ಬೇರೆ ಮನೆತನದವರೂ ಬಂದರು. ಅವರು ಅಂಥವರಲ್ಲ ಎಂದು ತೋರಿಸಲು ಕೆಲವು ತಟ್ಟೆಗಳ ಮೇಲೆ ‘ಅಮೆಚೂರ್’, ಅಂದರೆ ಹವ್ಯಾಸಿ, ಎಂದು ಅಚ್ಚು ಹಾಕಿದರು. ಸ್ವಾತಂತ್ರ್ಯದ ಹೊತ್ತಿಗೆ ಆಕಾಶವಾಣಿ ಖಾಸಗಿ ಬದುಕಿನ ಕಾರಣ ಕೊಟ್ಟು ತವಾಯಫರಿಗೆ ಬಾಗಿಲು ಹಾಕಿತು. ಹಾಡುವ ಗಂಡಸರ ಖಾಸಗಿ ಬದುಕನ್ನು ಹೀಗೆ ಯಾರಾದರೂ ತೂಗಿ ನೋಡಿದ್ದರಾ? ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸಿನಿಮಾ ಬಂದಮೇಲೆ ಹಾಡುವುದಕ್ಕೆ ಗೌರವ ಸಿಕ್ಕಿತು. ರಾಗ ಹಾಕುವ ಕುರ್ಚಿ ಮಾತ್ರ ಸಿಗಲಿಲ್ಲ. ಖುರ್ಷಿದ್ ಹೋಮ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು 1935ರಲ್ಲಿ ಬಾಂಬೆ ಟಾಕೀಸ್ ಎಂಬ ಹಿಂದಿ ಸಿನಿಮಾ ಕಂಪನಿಗೆ ಸಂಗೀತ ನಿರ್ದೇಶಕಿಯಾಗಿ ಬಂದರು. ಅವರ ಸಮುದಾಯದವರೇ ವಿರೋಧಿಸಿದರು. ಕೊನೆಗೆ ಸರಸ್ವತಿ ದೇವಿ ಎಂಬ ಹೆಸರಿನ ಮರೆಯಲ್ಲಿ ಕೆಲಸ ಮಾಡಬೇಕಾಯಿತು. 1959ರಲ್ಲಿ ಉಷಾ ಖನ್ನಾ ಬಂದರು, ಆಗಿನ್ನೂ ಹದಿಹರೆಯ. ದಶಕಗಳ ಕಾಲ ಹಿಟ್ ಹಾಡು ಕೊಟ್ಟರೂ ಫಿಲ್ಮ್‌ಫೇರ್ ಸಂಗೀತ ನಿರ್ದೇಶನದ ಪ್ರಶಸ್ತಿಗೆ ನಾಮನಿರ್ದೇಶನ ಆಗಿದ್ದು ಒಂದೇ ಸಲ, 80ರ ದಶಕದಲ್ಲಿ. ಆ ಪಟ್ಟಿಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರು, ಸ್ನೇಹಾ ಖಾನ್ವಲ್ಕರ್ ಅವರದು, ಬಂದಿದ್ದು 2013ರಲ್ಲಿ.

ಕನ್ನಡದಲ್ಲೂ ಅಷ್ಟೇ. ಎಸ್. ಜಾನಕಿ, ಪಿ. ಸುಶೀಲಾ, ವಾಣಿ ಜಯರಾಂ, ಬಿ.ಕೆ. ಸುಮಿತ್ರ ಅಂತ ಗಾಯಕಿಯರ ಹೆಸರು ಹೇಳುತ್ತಾ ಹೋಗಬಹುದು. ಸಂಗೀತ ನಿರ್ದೇಶಕರು ಅಂದ ಕೂಡಲೇ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಹಂಸಲೇಖ. ಎಲ್ಲರೂ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ಗಾಯಕಿಯರಲ್ಲಿ ರಾಗ ಹಾಕುವ ಶಕ್ತಿ ಇದ್ದವರು ಯಾರೂ ಇರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಈಗಿನ ತಲೆಮಾರು ಬಾಯಿ ಬಿಟ್ಟು ಮಾತಾಡುತ್ತಿದೆ. ಅದಕ್ಕೆ ಬೆಲೆಯನ್ನೂ ತೆರುತ್ತಿದೆ. 2018ರಲ್ಲಿ ಗಾಯಕಿ, ಡಬ್ಬಿಂಗ್ ಕಲಾವಿದೆ ಚಿನ್ಮಯಿ ಶ್ರೀಪಾದ ತಮಗಾದ ಲೈಂಗಿಕ ಕಿರುಕುಳದ ಬಗ್ಗೆ ಹೇಳಿಕೊಂಡರು. ಸ್ವಲ್ಪ ದಿನದಲ್ಲೇ ತಮಿಳು ಡಬ್ಬಿಂಗ್ ಕಲಾವಿದರ ಸಂಘ ಅವರನ್ನು ಹೊರಗಿಟ್ಟಿತು. ಚಂದಾ ಬಾಕಿ ಇದೆ ಎಂಬುದು ಸಂಘ ಕೊಟ್ಟ ಕಾರಣ. ಆಮೇಲೆ ವರ್ಷಗಟ್ಟಲೆ ಅವರಿಗೆ ತಮಿಳಿನಲ್ಲಿ ಕೆಲಸ ಸಿಗುವುದೇ ಕಷ್ಟವಾಯಿತು.

ಗಾಯಕಿಯರಿಗೆ ಆಫೀಸು ಅಂತ ಇರುವುದಿಲ್ಲ. ಇವತ್ತು ಒಂದು ಸ್ಟುಡಿಯೋ, ನಾಳೆ ಇನ್ನೊಂದು. ದೂರು ಎಲ್ಲಿ ಕೊಡುವುದು ಎಂಬುದೇ ಗೊತ್ತಾಗುವುದಿಲ್ಲ. ಆದರೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ಜನ ಇರುವ ಕೆಲಸದ ಜಾಗದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು. ಆ ಸಮಿತಿ ಎಲ್ಲಿದೆ, ಯಾರನ್ನು ಕಾಣಬೇಕು ಎಂಬುದು ಪ್ರತಿ ಸ್ಟುಡಿಯೋದ ಬಾಗಿಲಲ್ಲಿ ಬರೆದು ಹಾಕಿರಬೇಕು. ಮೊದಲ ಸಲ ಟ್ರ್ಯಾಕ್ ಹಾಡಲು ಬರುವ ಹುಡುಗಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.