ಬೀಗ ಹಾಕಿದ ಮಿಲ್ಲಿನ ಖರ್ಚು

(ಸಿಂಧನೂರಿನಲ್ಲಿ ವ್ಯಾಪಾರಿಗಳು ಮತ್ತು ಕಾಮರ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭತ್ತದ ಕೊಯ್ಲು ನಡೆದಿರುವಾಗ ಇಷ್ಟು ಮಂದಿ ಬಂದಿದ್ದೀರಿ, ಅದೂ ಬ್ಯಾಂಕಿನವನ ಮಾತು ಕೇಳೋಕೆ! ನಾನು ನೌಕರಿಯಲ್ಲಿದ್ದಾಗ ವಸೂಲಿ ವಿಭಾಗದವನು. ನನ್ನ ಬೈಕು ಕಂಡರೆ ಕೆಲವರು ಓಣಿ ಬದಲಿಸುತ್ತಿದ್ದರು.

ಬ್ಯಾಂಕಿಗೇನು, ಆಸ್ತಿ ಅಡವಿದೆ, ಮಾರಿ ರೊಕ್ಕ ಎಣಿಸಿಕೊಳ್ಳುತ್ತದೆ ಅಂತ ಊರಲ್ಲಿ ಮಾತಿದೆ. ನೌಕರಿಗೆ ಸೇರಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಅಕ್ಕಿ ಮಿಲ್ಲು ನನ್ನ ಕಣ್ಣು ತೆರೆಸಿತು.

ಆ ಮಿಲ್ಲಿನ ಸಾಲದ ಕಂತು 90 ದಿನ ನಿಂತಿತು, ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಯಿತು. ಅಡವಿಟ್ಟ ಆಸ್ತಿಯನ್ನ ಬ್ಯಾಂಕು ತಾನೇ ಜಪ್ತಿ ಮಾಡಿ ಮಾರೋಕೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು ಕೊಟ್ಟೆವು. ಆಮೇಲೆ ಜಪ್ತಿ. ಬಾಗಿಲಿಗೆ ನೋಟಿಸು ಅಂಟಿಸಿ, ಎರಡು ಪೇಪರಿನಲ್ಲಿ ಹಾಕಿಸಬೇಕು. ಅದರಲ್ಲಿ ಒಂದು ಕನ್ನಡದ್ದಾಗಿರಲೇಬೇಕು. ಮಾಲೀಕರು ಕೀಲಿ ಕೊಡಲಿಲ್ಲ. ಹಾಗಾಗಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಅಲ್ಲಿ 30 ದಿನದಲ್ಲಿ, ಕಾರಣ ಬರೆದರೆ 60 ದಿನದಲ್ಲಿ ಆದೇಶ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಚುನಾವಣೆ ಗೊತ್ತಿಲ್ಲ, ಹೊಳೆ ಬರೋದೂ ಗೊತ್ತಿಲ್ಲ. ಬಂದೋಬಸ್ತಿಗೆ ಪೊಲೀಸರು ಸಿಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು.

ಅಂತೂ ಕೀಲಿ ಕೈಗೆ ಬಂತು. ನಿಜವಾದ ಖರ್ಚು ಶುರುವಾಗಿದ್ದೇ ಅವತ್ತು. ಹಗಲಿಗೊಬ್ಬ, ರಾತ್ರಿಗೊಬ್ಬ ಕಾವಲುಗಾರ. ವಿಮೆ ತಪ್ಪಿಸುವಂತಿಲ್ಲ. ವಕೀಲರ ಫೀಸು, ಬೆಲೆ ಕಟ್ಟುವವರ ಫೀಸು. ಇಷ್ಟಾದರೂ ಒಂದು ಅಮಾವಾಸ್ಯೆ ರಾತ್ರಿ ಮೋಟಾರುಗಳ ತಾಮ್ರದ ತಂತಿ ಮಾಯ. ತಗಡು ಸೋರಿ ಯಂತ್ರಕ್ಕೆ ತುಕ್ಕು. ಓಡುವ ಮಿಲ್ಲಿಗೆ ಒಂದು ಬೆಲೆ, ನಿಂತ ಮಿಲ್ಲಿಗೆ ಗುಜರಿ ಬೆಲೆ. ಮಿಲ್ಲಿನವರಿಗೆ ಇದನ್ನ ನಾನೇನು ಹೇಳಬೇಕು.

ಇನ್ನೊಂದು ಕಡೆ ಜೆಸ್ಕಾಂ ಬಾಕಿ, ಪುರಸಭೆ ತೆರಿಗೆ ಬಾಕಿ. ಹರಾಜಿನಲ್ಲಿ ಕೊಳ್ಳುವವನು ಮೊದಲು ಕೇಳೋದೇ ಕರೆಂಟು ಬಾಕಿ ಎಷ್ಟು ಅಂತ. ಕೇಳಲೇಬೇಕು. ನಿಯಮದಲ್ಲಿ ಅವಕಾಶ ಇದ್ದರೆ ಹಳೆ ಬಾಕಿಯನ್ನ ಹೊಸ ಮಾಲೀಕನ ಹತ್ತಿರ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಷ್ಟನ್ನ ಆತ ಕೂಗುವ ಬೆಲೆಯಲ್ಲಿ ಕಡಿಮೆ ಮಾಡಿಕೊಳ್ಳುತ್ತಾನೆ.

ಮೊದಲ ಹರಾಜಿಗೆ 30 ದಿನಗಳ ನೋಟಿಸು, ಮತ್ತೆ ಎರಡು ಪೇಪರು. ಕೂಗಿದವರು ಸೊನ್ನೆ. ಮಿಲ್ಲು ನೋಡಲು ಮಾತ್ರ ಹತ್ತಾರು ಮಂದಿ ಬಂದಿದ್ದರು, ಚಹಾನೂ ಕುಡಿದು ಹೋದರು! ಯಾಕೆ ಅಂತ ಒಬ್ಬರನ್ನ ಕೇಳಿದೆ. "ಸಾಹೇಬ್ರೆ, ನಾಳೆ ಅವರ ಮನೆ ಮದುವೆಗೆ ನಾನು ಹೆಂಗ ಹೋಗಲಿ?" ಅಂದರು. ನಮ್ಮ ಕಡೆ ಊರಿನವನ ಆಸ್ತಿಗೆ ಊರಿನವನು ಹರಾಜಿನಲ್ಲಿ ಕೈ ಹಾಕೋದಿಲ್ಲ. ಈ ಸಂಕೋಚದ ಬೆಲೆ ಯಾವ ಲೆಕ್ಕ ಪುಸ್ತಕದಲ್ಲೂ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ಕನಿಷ್ಠ ಬೆಲೆ ಇಳಿಸಿ ಮತ್ತೆ ಕರೆದೆವು.

ಅಷ್ಟರಲ್ಲಿ ಮಾಲೀಕರು ಡಿಆರ್‌ಟಿಗೆ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋದರು. ಡಿಆರ್‌ಟಿ ಇರೋದು ಬೆಂಗಳೂರಿನಲ್ಲಿ, ಮೇಲ್ಮನವಿಯಾದರೆ ಚೆನ್ನೈ. ರಾತ್ರಿ ಬಸ್ಸು ಹತ್ತೋದು, ಬೆಳಿಗ್ಗೆ ಹಾಜರಾಗೋದು, ಮುಂದಿನ ತಾರೀಖು ತಗೊಂಡು ಬರೋದು. ಅವರ ವಾದ ಏನು ಗೊತ್ತಾ? ಮಿಲ್ಲು ನಿಂತ ಒಂದೂವರೆ ಎಕರೆ ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿಲ್ಲ, ಪಹಣಿಯಲ್ಲಿ ಇನ್ನೂ ಹೊಲ ಅಂತಿದೆ ಅಂತ. ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನ ಹೊರಗಿಟ್ಟಿದೆ, ಅದು ಸರಿಯಾದದ್ದೇ. ಆದರೆ ನೆಲ ನಿಜಕ್ಕೂ ಸಾಗುವಳಿಯಲ್ಲಿ ಇದೆಯಾ ಅಂತ ಕೋರ್ಟು ನೋಡುತ್ತದೆ. ಹಲ್ಲರ್ ಕೂತ ಕಾಂಕ್ರೀಟಿನಲ್ಲಿ ಭತ್ತ ಬೆಳೆಯೋದಿಲ್ಲ, ಅಲ್ವಾ? ವಾದ ಬಿದ್ದುಹೋಯಿತು. ವರ್ಷ ಮಾತ್ರ ಕಳೆದೇ ಹೋಯಿತು.

ವಿದ್ಯಾರ್ಥಿಗಳು ಈ ಲೆಕ್ಕ ಬರೆದುಕೊಳ್ಳಿ. ಮೂರು ವರ್ಷ ಬಿಟ್ಟು ಬರುವ 10 ಲಕ್ಷ, ವರ್ಷಕ್ಕೆ 10% ಹಿಡಿದರೆ, ಇವತ್ತಿನ ಸುಮಾರು ಏಳೂವರೆ ಲಕ್ಷಕ್ಕೆ ಸಮ. ಎರಡೂವರೆ ಲಕ್ಷ ಕಾಯೋದರಲ್ಲೇ ಕರಗಿತು. ಇದರ ಜೊತೆಗೆ, ಸಾಲ ಮುಳುಗಿದರೆ ಅಂತ ಬ್ಯಾಂಕು ಲಾಭದಿಂದ ರೊಕ್ಕ ತೆಗೆದಿಡಬೇಕು. ಭದ್ರತೆ ಇರುವ ಸಾಲಕ್ಕೂ ಎನ್‌ಪಿಎ ಆದ ಮೊದಲ ವರ್ಷ 15%, ಆಮೇಲೆ 25, 40, ಹೀಗೆ ಏರುತ್ತದೆ.

ಬಳ್ಳಾರಿಯಲ್ಲಿ ನೋಡಿದ್ದು ಇನ್ನೊಂದು ಥರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರು ಹೊರುತ್ತಿದ್ದ ಲಾರಿಗಳು ನಿಂತವು, ಕಂತುಗಳೂ ನಿಂತವು. ಲಾರಿ ಎಳೆದು ತರೋದು ಸುಲಭ. ಆದರೆ ಯಾರಿಗೆ ಮಾರೋದು? ಲಾರಿ ಕೊಳ್ಳುವವರು ಲಾರಿ ಮಾಲೀಕರೇ, ಅವರೂ ಅದೇ ಗುಂಡಿಯಲ್ಲಿ. ಯಾರ್ಡಿಗೆ ದಿನದ ಬಾಡಿಗೆ ಏರುತ್ತಿತ್ತು, ಟೈರು ಬಿಸಿಲಿಗೆ ಸೀಳುತ್ತಿತ್ತು. ಒಬ್ಬನ ಸಾಲ ಕೆಟ್ಟರೆ ಆಸ್ತಿಗೆ ಬೆಲೆ ಇರುತ್ತದೆ. ಊರಿನ ಸಾಲವೆಲ್ಲ ಒಟ್ಟಿಗೆ ಕೆಟ್ಟರೆ ಆಸ್ತಿಯ ಬೆಲೆಯೂ ಕೆಡುತ್ತದೆ.

ಇಷ್ಟೂ ಖರ್ಚು ಬ್ಯಾಂಕಿನದ್ದು, ನಮಗೇನು ಅಂತೀರಾ? ಕಾಯ್ದೆಯ 13ನೇ ಕಲಂ ಓದಿ. ಹರಾಜಿನ ರೊಕ್ಕದಲ್ಲಿ ಮೊದಲು ವಸೂಲಿ ಖರ್ಚು ಕಳೆಯುತ್ತಾರೆ, ಆಮೇಲೆ ಸಾಲ, ಉಳಿದರೆ ನಿಮಗೆ. ಆ ಕಾವಲುಗಾರರ ಸಂಬಳ, ಎರಡು ಪೇಪರಿನ ಜಾಹೀರಾತು, ಎಲ್ಲ ಮಾಲೀಕರ ಲೆಕ್ಕದಲ್ಲೇ ಬಿತ್ತು. ನನ್ನ ಬಸ್ಸಿನ ಚಾರ್ಜೂ ಖರ್ಚಿನ ಪಟ್ಟಿಯಲ್ಲಿತ್ತು. ಸುಮ್ನೆ ತಾರೀಖು ಮುಂದೂಡಿ ಗೆದ್ದೆವು ಅಂದುಕೊಂಡಿದ್ದರು ಪಾಪ.

ಅದಕ್ಕೆ 60 ದಿನಗಳ ನೋಟಿಸು ಬಂದಾಗ ಮೇಜಿನ ಡ್ರಾವರಿಗೆ ಹಾಕಬೇಡಿ. ಆಕ್ಷೇಪಣೆ ಬರೆದು ಕೊಡಿ, 15 ದಿನದಲ್ಲಿ ಬ್ಯಾಂಕು ಉತ್ತರಿಸಲೇಬೇಕು. ಒಂದೇ ಸಲ ಇತ್ಯರ್ಥ ಮಾಡಿಕೊಳ್ಳೋದಿದ್ದರೆ ಅದೇ ಹೊತ್ತು. ಪೂರ್ತಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವ ತನಕ ಮಾತ್ರ. ಆ ಮಿಲ್ಲಿನವರು ಅಳಿಯನನ್ನ ಕರೆದುಕೊಂಡು, ರೊಕ್ಕ ಹೊಂದಿಸಿಕೊಂಡು ನಮ್ಮ ಶಾಖೆಗೆ ಬಂದಿದ್ದರು. ಕೈಯಲ್ಲಿ ಅವತ್ತಿನ ಪೇಪರಿತ್ತು. ನಮ್ಮ ಜಾಹೀರಾತಿರುವ ಪುಟ ಮೇಲೆ ಬರುವ ಹಾಗೆ ಮಡಚಿದ್ದರು.