ಚೀಪ್ ಎಂಬ ಮಾತಿನ ಏರಿಳಿತ

ಎಲ್ಲರಿಗೂ ನಮಸ್ಕಾರ. ಕಾಮರ್ಸ್ ವಿಭಾಗದವರು ಇಂಗ್ಲಿಷ್ ಮೇಷ್ಟ್ರನ್ನು ಉಪನ್ಯಾಸಕ್ಕೆ ಕರೆಯುವುದು ಅಪರೂಪ. ಡೆಬಿಟ್, ಕ್ರೆಡಿಟ್ ಬಗ್ಗೆ ನಾನು ಹೇಳಹೊರಟರೆ ನೀವೇ ನಗುತ್ತೀರಿ. ಅದಕ್ಕೆ ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ: ಚೀಪ್.

"ಶರ್ಟು ಚೀಪಾಗಿ ಸಿಕ್ತು" ಅಂದರೆ ನಮಗೆ ಖುಷಿ. "ಅವನು ತುಂಬಾ ಚೀಪು" ಅಂದರೆ ಬೈಗುಳ. ಇಂಗ್ಲಿಷಿನಿಂದ ನಾವು ಎರಡೂ ಅರ್ಥಗಳನ್ನು ತಂದುಕೊಂಡಿದ್ದೇವೆ. ಆದರೆ ಮೊದಲಿಗೆ ಈ ಪದಕ್ಕೆ ಇವೆರಡೂ ಇರಲಿಲ್ಲ.

ಕಥೆ ಶುರುವಾಗುವುದು ರೋಮ್‌ನಲ್ಲಿ. ಲ್ಯಾಟಿನ್‌ನಲ್ಲಿ ಕೌಪೊ ಎಂದರೆ ಹೆಂಡದಂಗಡಿಯವನು, ಚಿಲ್ಲರೆ ವ್ಯಾಪಾರಿ. ಒಳ್ಳೆಯ ಹೆಸರು ಅವನಿಗಿರಲಿಲ್ಲ. ವೈನಿಗೆ ನೀರು ಬೆರೆಸುವವನು ಎಂಬ ಅಪವಾದ ಸದಾ ಇತ್ತು. ಒಂದನೆಯ ಶತಮಾನದ ಕವಿ ಮಾರ್ಷಿಯಲ್ ಒಂದು ಚುಟುಕದಲ್ಲಿ ಇದನ್ನೇ ತಿರುಗಿಸಿ ಹೇಳುತ್ತಾನೆ: ರವೆನ್ನಾ ಊರಿನ ಕೌಪೊ ನನಗೆ ಮೋಸ ಮಾಡಿದ, ನೀರು ಬೆರೆಸಿದ್ದು ಕೇಳಿದರೆ ಅಪ್ಪಟ ವೈನ್ ಕೊಟ್ಟ! ಆ ಊರಲ್ಲಿ ಕುಡಿಯುವ ನೀರಿಗೆ ಅಷ್ಟು ಬರ.

ರೈನ್ ನದಿಯ ಗಡಿಯಲ್ಲಿ ರೋಮನ್ ಸೈನ್ಯ ಬೀಡುಬಿಟ್ಟ ಕಡೆಗಳಲ್ಲಿ ಇಂಥ ವ್ಯಾಪಾರಿಗಳಿದ್ದರು. ಜರ್ಮಾನಿಕ್ ಬುಡಕಟ್ಟುಗಳ ಜನ ಅವರಿಂದ ಸಾಮಾನನ್ನೂ ಕೊಂಡರು, ಪದವನ್ನೂ ಕೊಂಡರು. ಅಲ್ಲಿ ಅದಕ್ಕೆ ಮರ್ಯಾದೆ ಬಂತು. ಜರ್ಮನ್‌ನಲ್ಲಿ ಕೊಳ್ಳುವುದಕ್ಕೆ 'ಕೌಫೆನ್' ಎನ್ನುವುದು ಇದರಿಂದಲೇ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಎಂದರೆ ವರ್ತಕರ ಬಂದರು. ಸ್ವೀಡನ್‌ನಲ್ಲಿ ಲಿನ್‌ಶೋಪಿಂಗ್, ನಾರ್‌ಶೋಪಿಂಗ್ ಎಂಬ ಊರುಗಳಿವೆ. ಆ 'ಶೋಪಿಂಗ್' ಎಂದರೆ ಪೇಟೆ; ನಿಮ್ಮ ಮಾಲ್‌ಗಳ ಶಾಪಿಂಗ್‌ಗೂ ಅದಕ್ಕೂ ನೆಂಟಸ್ತನವಿಲ್ಲ, ಕೇಳಲು ಮಾತ್ರ ಒಂದೇ ಥರ.

ಹಳೆಯ ಇಂಗ್ಲಿಷಿನಲ್ಲೂ ಚೀಪ್ ಒಂದು ನಾಮಪದವಾಗಿತ್ತು: ಕೊಡುಕೊಳ್ಳುವಿಕೆ, ಬೆಲೆ, ಸಂತೆ. ಲಂಡನ್ನಿನ ಚೀಪ್‌ಸೈಡ್ ಬೀದಿ ಸೋವಿ ಸಾಮಾನಿನ ಬೀದಿಯಾಗಿರಲಿಲ್ಲ, ಅದು ನಗರದ ದೊಡ್ಡ ಮಾರುಕಟ್ಟೆ. ಅಕ್ಕಸಾಲಿಗರ ಅಂಗಡಿಗಳಿದ್ದದ್ದೂ ಅಲ್ಲೇ. ಅದರ ಅಕ್ಕಪಕ್ಕದಲ್ಲಿ ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಐರನ್‌ಮಂಗರ್ ಲೇನ್. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆಯ ಹಾಗೆ. ಕವಿ ಮಿಲ್ಟನ್ 1608ರಲ್ಲಿ ಹುಟ್ಟಿದ್ದು ಆ ಬ್ರೆಡ್ ಸ್ಟ್ರೀಟಿನಲ್ಲಿ. ವ್ಯಾಪಾರಿಗೆ ಚ್ಯಾಪ್‌ಮನ್ ಎನ್ನುತ್ತಿದ್ದರು. ಅದೇ ಮೊಟಕಾಗಿ 'ಚ್ಯಾಪ್' ಆಯಿತು, ಈಗ ಅದಕ್ಕೆ 'ಆಸಾಮಿ' ಅನ್ನುವಷ್ಟೇ ಅರ್ಥ.

ಹಾಗಾದರೆ ಕಡಿಮೆ ಬೆಲೆ ಎಂಬ ಅರ್ಥ ಎಲ್ಲಿಂದ ಬಂತು? 'ಗುಡ್ ಚೀಪ್' ಎಂಬ ಜೋಡಿಯಿಂದ. ಒಳ್ಳೆಯ ವ್ಯಾಪಾರ, ಅಂದರೆ ಕೊಳ್ಳುವವನಿಗೆ ಗಿಟ್ಟಿದ ವ್ಯಾಪಾರ. ದಿನವೂ ಆಡಿ ಆಡಿ ಸವೆದು 'ಗುಡ್' ಉದುರಿಹೋಯಿತು. ಫ್ರೆಂಚರಲ್ಲಿ ಅದೇ ಮಾತು 'ಬಾನ್ ಮಾರ್ಶೆ'. ಅವರು 'ಒಳ್ಳೆಯ' ಎಂಬುದನ್ನು ಇವತ್ತಿಗೂ ಬಿಟ್ಟಿಲ್ಲ, ಪ್ಯಾರಿಸ್ಸಿನ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರಿನ ಹೆಸರೂ ಅದೇ. ಹೊಗಳುವ ಪದ ಕಳಚಿದ್ದೇ ಇಂಗ್ಲಿಷಿನಲ್ಲಿ ತೆಗಳಿಕೆಗೆ ದಾರಿ ಮಾಡಿತು ಎಂದು ನನ್ನ ಅನುಮಾನ.

ಪದ ಹೊರಳುತ್ತಿರುವ ಹೊತ್ತನ್ನೇ ನೋಡಬೇಕಾದರೆ ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಮೊದಲ ಭಾಗ ತೆಗೆಯಿರಿ, 1590ರ ದಶಕದ್ದು. ಮೂರನೆಯ ಅಂಕದಲ್ಲಿ ರಾಜ ಮಗನಿಗೆ ಬಯ್ಯುತ್ತಾನೆ: ನಿನ್ನ ಹಾಗೆ ಕಂಡಕಂಡವರ ಜೊತೆ ತಿರುಗಿದ್ದರೆ ನಾನೂ ಜನರ ಕಣ್ಣಿಗೆ ಹಳಸಿದವನಾಗಿ, ಚೀಪಾಗಿ ಬಿಡುತ್ತಿದ್ದೆ. ಇದು ನಮಗೆ ಗೊತ್ತಿರುವ ಬೈಗುಳ. ಅದರ ಮರುದೃಶ್ಯದಲ್ಲೇ ಆ ರಾಜಕುಮಾರನ ಕುಡುಕ ಸಂಗಾತಿ ಫಾಲ್‌ಸ್ಟಾಫ್ ತನ್ನ ಕೆಂಪು ಮೂಗಿನ ಗೆಳೆಯ ಬಾರ್ಡಾಲ್ಫ್‌ನನ್ನು ರೇಗಿಸುತ್ತಾನೆ: ರಾತ್ರಿ ನಿನ್ನ ಮೂಗಿನ ಬೆಳಕಿನಲ್ಲಿ ನಡೆದು ದೀಪದ ಖರ್ಚು ಉಳಿಸಿದೆ ನಿಜ, ಆದರೆ ನೀನು ಕುಡಿದ ಮದ್ಯದ ದುಡ್ಡಿನಲ್ಲಿ ಯುರೋಪಿನ ಅತಿ ದುಬಾರಿ ಅಂಗಡಿಯಲ್ಲೂ ಅಷ್ಟೇ 'ಗುಡ್ ಚೀಪ್' ಆಗಿ ಮೇಣದಬತ್ತಿ ಬರುತ್ತಿತ್ತು! ಇದು ಹಳೆಯ ಜೋಡಿ. ಇನ್ನು ಈ ಮಾತುಕತೆ ನಡೆಯುವ ಹೆಂಡದಂಗಡಿ ಇರುವುದು ಈಸ್ಟ್‌ಚೀಪ್‌ನಲ್ಲಿ, ಅಂದರೆ ಪೂರ್ವದ ಪೇಟೆಯಲ್ಲಿ. ಮೂರು ಕಾಲದ ಮೂರು ಅರ್ಥಗಳು ಹೀಗೆ ಬೆನ್ನುಬೆನ್ನಿಗೆ ಸಿಗುವುದು ಅಪರೂಪ. ತರಗತಿಯಲ್ಲಿ ಈ ದೃಶ್ಯ ಮಾಡುವಾಗ ನನಗೆ ನಾಟಕಕ್ಕಿಂತ ಇದೇ ಹೆಚ್ಚು ರುಚಿ.

ಜರ್ಮನ್ನರ 'ಬಿಲಿಶ್' ಕೂಡ ಹೀಗೇ ಇಳಿಯಿತು. ಮೊದಲು ಅದು ನ್ಯಾಯವಾದದ್ದು, ಆಮೇಲೆ ಕಡಿಮೆ ಬೆಲೆಯದು. 1876ರಲ್ಲಿ ಫಿಲಡೆಲ್ಫಿಯಾದ ವಿಶ್ವ ಪ್ರದರ್ಶನಕ್ಕೆ ಹೋದ ಎಂಜಿನಿಯರ್ ಫ್ರಾನ್ಜ್ ರೂಲೋ ತನ್ನ ದೇಶದ ಸರಕನ್ನು ನೋಡಿ 'ಬಿಲಿಶ್ ಮತ್ತು ಕಳಪೆ' ಎಂದು ಬರೆದ, ಜರ್ಮನಿಯಲ್ಲಿ ಗಲಾಟೆಯಾಯಿತು. ನಮ್ಮ ಅಂಗಡಿಯವರು ಮಾತ್ರ 'ಚೀಪ್ ಅಂಡ್ ಬೆಸ್ಟ್' ಎಂದು ಬೋರ್ಡು ಹಾಕುತ್ತಾರೆ. ಇಂಗ್ಲಿಷರಿಗೆ ಅದು ವಿಚಿತ್ರವಾಗಿ ಕಾಣಬಹುದು. ನನಗೇನೋ ಕಳೆದುಹೋದ 'ಗುಡ್' ಬಡ್ಡಿ ಸಮೇತ ವಾಪಸ್ ಬಂದ ಹಾಗಿದೆ.

ಕನ್ನಡದ 'ಅಗ್ಗ'ವನ್ನೂ ಹೇಳಿಬಿಡುತ್ತೇನೆ. ಅದು ಸಂಸ್ಕೃತದ 'ಅರ್ಘ'ದ ತದ್ಭವ. ಅರ್ಘ ಎಂದರೆ ಬರೀ ಬೆಲೆ, ಮೌಲ್ಯ; ಕಡಿಮೆ ಎಂಬ ಸುಳಿವೇ ಅದರಲ್ಲಿಲ್ಲ. ಬೆಲೆ ಕಟ್ಟಲಾಗದ ರತ್ನಕ್ಕೆ ಅನರ್ಘ್ಯ ಎನ್ನುವುದೂ ಇದೇ ಮೂಲದಿಂದ. ಈಗ ಪತ್ರಿಕೆಗಳಲ್ಲಿ 'ಅಗ್ಗದ ಪ್ರಚಾರ' ಎಂದು ಓದುವಾಗ ಇಂಗ್ಲಿಷಿನ ಚೀಪ್ ಇಲ್ಲೂ ಕೈಯಾಡಿಸಿದೆ ಎನ್ನಿಸುತ್ತದೆ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.