ಹಂಚಿದ್ದು 500, ಸಿಕ್ಕಿದ್ದು 79

ಮಧ್ಯಾಹ್ನ 3 ಗಂಟೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಆಗಲೇ ಕತ್ತಲಾಗುತ್ತಿದೆ. ನಿಮಗೆ ಕಾಣುತ್ತಿರುವುದು ಫೀರಿಸ್ ಹೊಳೆ. ಅದರಾಚೆ ಎರಡು ಚೂಪು ಗೋಪುರ ಇದೆಯಲ್ಲ, ಅದು ಇಲ್ಲಿನ ದೊಡ್ಡ ಚರ್ಚು. ನನ್ನ ಬ್ಯಾಗಿನಲ್ಲಿ ಒಂದು ಫ್ಲಾಸ್ಕ್ ಕಾಫಿ ಇದೆ. ಅಮ್ಮ ಚಿಕ್ಕಮಗಳೂರಿನಿಂದ ಕಳಿಸಿದ ಪುಡಿ. ಆ ಕಾಫಿಯ ವಿಷಯ ಆಮೇಲೆ ಹೇಳುತ್ತೇನೆ.

ಇವತ್ತು ನವೆಂಬರ್ 23. ಈ ತಾರೀಕಿಗೋಸ್ಕರವೇ ಕೆಲಸಕ್ಕೆ ರಜೆ ಹಾಕಿ ಬಂದಿದ್ದೇನೆ. 1759ರಲ್ಲಿ ಇದೇ ದಿನ ಸಣ್ಣದೊಂದು ಪುಸ್ತಕ ಹೊರಬಂತು. ತೀರಾ ತೆಳು, ಕೋಟಿನ ಜೇಬಿನಲ್ಲಿ ಹಿಡಿಸುವಂಥದ್ದು. ಒಟ್ಟು 21 ಪರಿಚ್ಛೇದ. 'ನಾಗರಿಕ ಸ್ವಾತಂತ್ರ್ಯದ ಬಗ್ಗೆ ಕೆಲವು ಯೋಚನೆಗಳು' ಅನ್ನುವ ಅರ್ಥದ ಹೆಸರು. ಬರೆದವನು ಪೀಟರ್ ಫೋರ್ಸ್ಕೋಲ್. ವಯಸ್ಸು 27. ಹುಟ್ಟಿದ್ದು ಹೆಲ್ಸಿಂಕಿಯಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ನಿನದೇ ಭಾಗ.

ಮೊದಲು ಅವನು ಇದನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧವಾಗಿ ಇಲ್ಲಿನ ವಿಶ್ವವಿದ್ಯಾಲಯದ ಮುಂದಿಟ್ಟಿದ್ದ. ಬೇಡ ಅಂದರು. ಲ್ಯಾಟಿನ್ನಿನಲ್ಲೇ ಉಳಿದಿದ್ದರೆ ಓದುತ್ತಿದ್ದವರು ಪ್ರೊಫೆಸರುಗಳು ಮಾತ್ರ. ಅವನು ಸುಮ್ನೆ ಕೂರಲಿಲ್ಲ. ಜನ ಮಾತಾಡುವ ಸ್ವೀಡಿಷ್‌ನಲ್ಲೇ ಬರೆದ. ಪರಭಾಷೆಯಲ್ಲಿ ಕದ ಮುಚ್ಚಿದಾಗ ತನ್ನ ಜನರ ಭಾಷೆಯ ಕದ ತಟ್ಟಿದನಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಸೆನ್ಸಾರ್ ಅಧಿಕಾರಿ ಅಲ್ಲಲ್ಲಿ ಕತ್ತರಿ ಹಾಕಿ ಒಪ್ಪಿಗೆ ಕೊಟ್ಟ. ಸ್ಟಾಕ್‌ಹೋಮ್‌ನಲ್ಲಿ 500 ಪ್ರತಿ ಅಚ್ಚಾಯಿತು. ಅವನೇ ಉಪ್ಸಾಲಾದ ವಿದ್ಯಾರ್ಥಿಗಳ ಕೈಗೆ ಹಂಚಿದ.

ಸರ್ಕಾರ ತಕ್ಷಣ ನಿಷೇಧ ಹಾಕಿತು. ಹಂಚಿರುವ ಪ್ರತಿಗಳನ್ನೆಲ್ಲ ವಾಪಸ್ ವಸೂಲಿ ಮಾಡಿ ಅಂತ ವಿಶ್ವವಿದ್ಯಾಲಯದ ಮುಖ್ಯಸ್ಥ, ಅಂದರೆ ರೆಕ್ಟರ್‌ಗೆ ಆದೇಶ ಬಂತು. ಆಗ ರೆಕ್ಟರ್ ಯಾರಿದ್ದರು ಗೊತ್ತಾ? ಕಾರ್ಲ್ ಲಿನ್ನೇಯಸ್. ಗಿಡಗಳಿಗೂ ಪ್ರಾಣಿಗಳಿಗೂ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದವರು ಅಂತ ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಅವರೇ. ಫೋರ್ಸ್ಕೋಲ್ ಅವರ ಸ್ವಂತ ಶಿಷ್ಯ.

ಈ ಬೀದಿಗಳಲ್ಲಿ ನಡೆಯುವಾಗ ನನಗೆ ಅದೇ ಯೋಚನೆ. ಮೇಷ್ಟ್ರು ತಮ್ಮದೇ ಹುಡುಗನ ಪುಸ್ತಕ ಹುಡುಕಿಸಬೇಕು. ಇಲ್ಲಿನ ಹುಡುಗರು ಅದನ್ನು ಹಾಸಿಗೆ ಕೆಳಗೆ ಇಟ್ಟಿರಬಹುದು, ಅಂಗಿಯೊಳಗೆ ಸಿಕ್ಕಿಸಿಕೊಂಡಿರಬಹುದು, ಪಕ್ಕದ ಊರಿನ ಗೆಳೆಯನಿಗೆ ದಾಟಿಸಿರಬಹುದು. ಕೊನೆಗೆ ಲಿನ್ನೇಯಸ್ ಕೈಗೆ ಸಿಕ್ಕಿದ್ದು 79 ಪ್ರತಿ. ಉಳಿದ 421 ಊರಿನೊಳಗೆ ಕರಗಿ ಹೋದವು. ಈ ಲೆಕ್ಕ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಅಂಥದ್ದೇನು ಬರೆದಿದ್ದ? ಜನರ ಸ್ವಾತಂತ್ರ್ಯಕ್ಕೆ ಜೀವ ತುಂಬುವುದು ಎರಡು ಸಂಗತಿ ಅಂದ. ಸರ್ಕಾರದ ಅಧಿಕಾರಕ್ಕೆ ಮಿತಿ ಇರಬೇಕು, ಬರೆಯುವ ಸ್ವಾತಂತ್ರ್ಯಕ್ಕೆ ಮಿತಿ ಇರಬಾರದು. ಕೊನೆಯ ಪರಿಚ್ಛೇದದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಾಡಿನಲ್ಲಿ ಏನು ನಡೆಯುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು, ಅದರ ಬಗ್ಗೆ ಎಲ್ಲರೂ ಬಾಯಿಬಿಟ್ಟು ಮಾತಾಡುವ ಹಾಗಿರಬೇಕು. ಅದಿಲ್ಲದ ಕಡೆ ಸ್ವಾತಂತ್ರ್ಯ ಅನ್ನುವ ಹೆಸರಿಗೆ ಬೆಲೆಯಿಲ್ಲ ಅಂತ ಬರೆದ.

ಆ ಕಾಲಕ್ಕೆ ಸ್ವೀಡನ್ನಿನಲ್ಲಿ ರಾಜ ಇದ್ದರೂ ಅಧಿಕಾರ ಅವನದಾಗಿರಲಿಲ್ಲ. 1718ರಲ್ಲಿ 12ನೇ ಕಾರ್ಲ್ ಯುದ್ಧದಲ್ಲಿ ಗುಂಡು ತಗಲಿ ಸತ್ತ ಮೇಲೆ ಸಂಸತ್ತು ಮೇಲುಗೈ ಪಡೆಯಿತು. ಅದರಲ್ಲಿ ನಾಲ್ಕು ವರ್ಗ: ಕುಲೀನರು, ಪಾದ್ರಿಗಳು, ಪೇಟೆಯವರು, ರೈತರು. ಹೌದು, ಭೂಮಿ ಇದ್ದ ರೈತರಿಗೂ ಅಲ್ಲಿ ತಮ್ಮದೇ ಜಾಗ ಇತ್ತು. ಪಕ್ಷಗಳು ಎರಡು. ಒಂದು ಹ್ಯಾಟ್ ಪಕ್ಷ. ಇನ್ನೊಂದನ್ನು ಎದುರಾಳಿಗಳು ಮಲಗುವಾಗ ಹಾಕಿಕೊಳ್ಳುವ ಟೋಪಿಯ ಹೆಸರಿಂದ ಹಂಗಿಸಿದರು. ಕನ್ನಡದಲ್ಲಿ ಕುಲಾವಿ ಪಕ್ಷ ಅನ್ನೋಣ. ಇಡೀ ಕಾಲಕ್ಕೆ ಇವರು 'ಸ್ವಾತಂತ್ರ್ಯದ ಯುಗ' ಅಂತ ಕರೆಯುತ್ತಾರೆ. ಆ ಯುಗದಲ್ಲೇ ಫೋರ್ಸ್ಕೋಲ್‌ನ ಪುಸ್ತಕಕ್ಕೆ ಬೀಗ ಬಿತ್ತು.

ಈಗ ನಮ್ಮ ಮನೆಯ ಒಂದು ವಿಷಯ. ಕೆಲವು ವರ್ಷದ ಹಿಂದೆ ಅಪ್ಪ ನಮ್ಮ ಜಮೀನಿನ ನಕ್ಷೆಯ ನಕಲಿಗೆ ಅಂತ ಒಂದು ಕಚೇರಿಗೆ ಎಂಟು ತಿಂಗಳು ಅಲೆದರು. ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ. ಕಡತ ಸಿಗುತ್ತಿಲ್ಲ. ನಾಳೆ ಬನ್ನಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರಿಗೈಲಿ ಬರುತ್ತಿದ್ದರು. ಕೊನೆಗೆ ಊರಿನ ಮೇಷ್ಟ್ರೊಬ್ಬರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದುಕೊಟ್ಟರು. 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದೊಳಗೆ ನಕಲು ಅಂಚೆಯಲ್ಲಿ ಮನೆಗೇ ಬಂತು. ಅಪ್ಪ ಆ ಲಕೋಟೆಯನ್ನು ಈಗಲೂ ಪತ್ರಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಕಾನೂನು ಬಂದದ್ದು 2000ದಲ್ಲಿ. ಇಡೀ ದೇಶಕ್ಕೆ 2005ರಲ್ಲಿ. ಇಂಥ ಕಾನೂನು ಜಗತ್ತಿನಲ್ಲೇ ಮೊದಲು ಬಂದದ್ದು ಈ ಸ್ವೀಡನ್ನಿನಲ್ಲಿ, 1766ರ ಡಿಸೆಂಬರ್ 2ರಂದು. ಫೋರ್ಸ್ಕೋಲ್‌ನ ಪುಸ್ತಕ ನಿಷೇಧವಾಗಿ ಏಳೇ ವರ್ಷಕ್ಕೆ.

ಅದಕ್ಕೆ ಹಗಲಿರುಳು ದುಡಿದವರು ಆಂಡರ್ಸ್ ಕಿಡೇನಿಯಸ್ ಅನ್ನುವ ಪಾದ್ರಿ. ಇವರೂ ಫಿನ್ಲೆಂಡ್ ಕಡೆಯವರೇ, ಬಡ ಹಳ್ಳಿಯೊಂದರ ಚರ್ಚಿನವರು. ಕುಲಾವಿ ಪಕ್ಷ ಗೆದ್ದಾಗ ಸಂಸತ್ತಿಗೆ ಬಂದರು. ಧರ್ಮದ ಪುಸ್ತಕಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಮುಂಗಡ ಸೆನ್ಸಾರ್ ಹೋಯಿತು. ಸರ್ಕಾರಿ ಕಾಗದಪತ್ರ, ಕೋರ್ಟಿನ ತೀರ್ಪು, ಯಾರು ಬೇಕಾದರೂ ಕೇಳಬಹುದು, ನಕಲು ಮಾಡಬಹುದು, ಅಚ್ಚು ಹಾಕಬಹುದು. ಅಡ್ಡಿ ಮಾಡುವ ಅಧಿಕಾರಿ ಹುದ್ದೆಯನ್ನೇ ಕಳೆದುಕೊಳ್ಳಬೇಕಿತ್ತು. ಅಪ್ಪನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದಾಗ, "ಇನ್ನೊಂದ್ಸಲ ಓದು ಮಗಾ" ಅಂದರು.

ನೋವಿನ ಸಂಗತಿ ಏನೆಂದರೆ, ಕಾನೂನಿಗೆ ಮುದ್ರೆ ಬೀಳುವ ಹೊತ್ತಿಗೆ ಕಿಡೇನಿಯಸ್ ಸಂಸತ್ತಿನಲ್ಲಿ ಇರಲಿಲ್ಲ. ಸ್ವಂತ ಪಕ್ಷದ ಹಣಕಾಸಿನ ನೀತಿಯನ್ನೇ ಟೀಕಿಸಿ ಬರೆದರು ಅಂತ ಕೆಲವು ತಿಂಗಳ ಮೊದಲೇ ಹೊರಗೆ ಹಾಕಿದ್ದರು. ಆ ಕಾನೂನೂ ನೆಮ್ಮದಿಯಾಗಿ ಬಾಳಲಿಲ್ಲ. 1772ರಲ್ಲಿ 3ನೇ ಗುಸ್ತಾವ್ ಅಧಿಕಾರ ಕಸಿದುಕೊಂಡ, 1774ರಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಿದ. ಅದು ಮತ್ತೆ ಚಿಗುರಿದ್ದು ಅವನ ಮಗನನ್ನು ಪಟ್ಟದಿಂದ ಇಳಿಸಿದ ಮೇಲೆ, 1809ರ ನಂತರ.

ಫೋರ್ಸ್ಕೋಲ್ ಇದ್ಯಾವುದನ್ನೂ ನೋಡಲಿಲ್ಲ. ಡೆನ್ಮಾರ್ಕಿನ ರಾಜ ಅರೇಬಿಯಾಕ್ಕೆ ಕಳಿಸಿದ ತಂಡದಲ್ಲಿ ಸಸ್ಯಶಾಸ್ತ್ರಜ್ಞನಾಗಿ ಹೊರಟ. ಆರು ಜನರ ತಂಡ. 1763ರಲ್ಲಿ ಯೆಮೆನ್‌ನ ಕಾಫಿ ಬೆಳೆಯುವ ಬೆಟ್ಟಗಳಲ್ಲಿ ಗಿಡ ಹುಡುಕುತ್ತ ಓಡಾಡಿದ. ನಾನು ಈ ಫ್ಲಾಸ್ಕ್ ತಂದದ್ದು ಅದಕ್ಕೇ. ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದೂ ಅದೇ ಯೆಮೆನ್‌ನಿಂದ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರಲ್ವಾ. ಅಮ್ಮ ಹುರಿದು ಪುಡಿ ಮಾಡಿಸಿದ ಈ ಕಾಫಿಯ ಮೂಲ ಆ ಬೆಟ್ಟಗಳೇ.

ಅಲ್ಲಿಂದ ಅವನು ಗುರುಗಳಿಗೆ ಪತ್ರ ಬರೆದ. ಲಿನ್ನೇಯಸ್ ಬಹಳ ಕಾಲದಿಂದ ಹಂಬಲಿಸುತ್ತಿದ್ದ ಒಂದು ಸುಗಂಧದ ಮರದ ಕೊಂಬೆಯನ್ನೂ ಕಳಿಸಿದ. ಸುಮಾರು ಒಂದು ತಿಂಗಳ ನಂತರ, ಜುಲೈ 11ರಂದು, ಯರೀಮ್ ಅನ್ನುವ ಊರಿನಲ್ಲಿ ಮಲೇರಿಯಾದಿಂದ ತೀರಿಕೊಂಡ. ವಯಸ್ಸು 31. ತಂಡದ ಆರು ಜನರಲ್ಲಿ ತಿರುಗಿ ಬಂದವನು ಒಬ್ಬನೇ, ಕಾರ್ಸ್ಟೆನ್ ನೀಬೂರ್. ಬಾಂಬೆ ದಾರಿಯಾಗಿ ಹೇಗೋ ಊರು ಸೇರಿದ. ಗೆಳೆಯ ಬರೆದಿಟ್ಟಿದ್ದ ಟಿಪ್ಪಣಿಗಳನ್ನು 1775ರಲ್ಲಿ ಅವನೇ ಪುಸ್ತಕ ಮಾಡಿ ತಂದ.

ಈಗ ನಾವು ಬಂದು ನಿಂತಿರುವುದು ಲಿನ್ನೇಯಸ್ ತೋಟದ ಗೇಟಿನ ಮುಂದೆ. ಅವರು ವಾಸವಿದ್ದ ಮನೆ ತೋಟದ ಮೂಲೆಯಲ್ಲೇ ಇದೆ. ಆಗ ಈಜಿಪ್ಟಿನಿಂದ ಶಿಷ್ಯ ಕಳಿಸಿದ ಬೀಜಗಳಲ್ಲಿ ಒಂದನ್ನು ಅವರು ಬೆಳೆಸಿದ್ದರು. ನಮ್ಮ ತುರಚೆ ಗಿಡದ ಕುಟುಂಬಕ್ಕೆ ಸೇರಿದ್ದು. ಮೈತುಂಬ ಕೊಕ್ಕೆಯಂಥ ಸಣ್ಣ ಕೂದಲು. ಉತ್ತರಾಣಿ ಕಾಳು ಪಂಚೆಗೆ ಅಂಟಿಕೊಳ್ಳುತ್ತದಲ್ಲ, ಹಾಗೆ ಬಟ್ಟೆಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಅದಕ್ಕೆ ಲಿನ್ನೇಯಸ್ ಇಟ್ಟ ಹೆಸರು ಫೋರ್ಸ್ಕೋಲಿಯಾ ಟೆನಾಸಿಸಿಮಾ. ಹಿಡಿದದ್ದನ್ನು ಬಿಡದ ಫೋರ್ಸ್ಕೋಲಿಯಾ. 79 ಪ್ರತಿ ವಸೂಲಿ ಮಾಡಿದ ಅದೇ ಕೈ ಬರೆದ ಹೆಸರು ಅದು.

ಚಳಿಗಾಲಕ್ಕೆ ತೋಟ ಮುಚ್ಚಿದೆ. ಕಂಬಿಯ ಸಂದಿಯಿಂದ ಕಾಣುವುದು ಒದ್ದೆ ಮಣ್ಣು, ಬೋಳು ಪಾತಿಗಳು ಅಷ್ಟೇ. ಮೇ ತಿಂಗಳಲ್ಲಿ ಬಾಗಿಲು ತೆಗೆಯುತ್ತಾರೆ. ಅಪ್ಪ ಅಮ್ಮ ಆಗ ಇಲ್ಲಿಗೆ ಬರುತ್ತಿದ್ದಾರೆ. ಅವರನ್ನೂ ಕರೆದುಕೊಂಡು ಬರುತ್ತೇನೆ, ಆ ಗಿಡ ಈಗಲೂ ಇಲ್ಲಿದೆಯಾ ಅಂತ ಒಳಗಿನವರನ್ನು ಕೇಳಬೇಕು. ಅಪ್ಪನೇ ಕೇಳಲಿ.